ಮಳೆಗಾಲದಲ್ಲಿ ಹಳೇಬೀಡಿನ ಶಿಲ್ಪಗಳ ಛಾಯಾಗ್ರಹಣ: ಈಗ ಹೋಗಬಹುದೇ, ಚಳಿಗಾಲಕ್ಕೆ ಕಾಯಬೇಕೇ?

ಪ್ರಶ್ನೆ: ಓರೆಬಿಸಿಲು

ಎಲ್ಲರಿಗೂ ನಮಸ್ಕಾರ. ಜುಲೈ ತಿಂಗಳ ಕೊನೆಯ ವಾರದಲ್ಲಿ ಹಳೇಬೀಡಿಗೆ ಹೋಗಿ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಶಿಲ್ಪಗಳ ಚಿತ್ರಗಳನ್ನು ತೆಗೆಯಬೇಕೆಂದುಕೊಂಡಿದ್ದೇನೆ. ಸಮಯ ಉಳಿದರೆ ಬೇಲೂರನ್ನೂ ನೋಡಿ ಬರುವ ಆಲೋಚನೆ ಇದೆ. ರಜೆ ಸಿಗುವುದು ಆಗ ಮಾತ್ರ. ಆದರೆ ಆ ಹೊತ್ತಿಗೆ ಹಾಸನದ ಕಡೆ ಸೋನೆಮಳೆ ಬಿಡದೆ ಹಿಡಿದಿರುತ್ತದೆ ಎಂದು ಮನೆಯವರೆಲ್ಲ ಬೇಡವೆನ್ನುತ್ತಿದ್ದಾರೆ.

ನನ್ನ ಅನುಮಾನ ಮಳೆಯಲ್ಲಿ ನೆನೆಯುವುದರ ಬಗ್ಗೆ ಅಲ್ಲ, ಬೆಳಕಿನ ಬಗ್ಗೆ. ಉಬ್ಬುಶಿಲ್ಪಕ್ಕೆ ಪಕ್ಕದಿಂದ ಬೀಳುವ ಬಿಸಿಲು ಬೇಕು, ಮೋಡ ಕವಿದ ದಿನ ಕೆತ್ತನೆಯ ಆಳವೆಲ್ಲ ಅಳಿಸಿಹೋಗಿ ಗೋಡೆ ಚಪ್ಪಟೆಯಾಗಿ ಕಾಣುತ್ತದೆ ಎಂದು ಓದಿದ್ದೇನೆ. ಇದು ನಿಜವಾದರೆ ಅಷ್ಟು ದೂರ ಹೋಗಿ ಬೂದುಬಣ್ಣದ ಚಿತ್ರಗಳನ್ನು ತರುವುದರಲ್ಲಿ ಅರ್ಥವಿಲ್ಲ. ಹಾಗಲ್ಲದೆ ಮಳೆಯಲ್ಲಿಯೇ ಚೆನ್ನಾಗಿ ಮೂಡುವಂಥದ್ದೇನಾದರೂ ಅಲ್ಲಿ ಇದ್ದರೆ ಅದಕ್ಕೆ ತಯಾರಾಗಿ ಹೋಗುತ್ತೇನೆ.

ನನ್ನ ಬಳಿ ಒಂದು ಮಿರರ್‌ಲೆಸ್ ಕ್ಯಾಮೆರಾ, ಅದರ ಜೊತೆಗೇ ಬಂದ ಜೂಮ್ ಲೆನ್ಸ್ ಮತ್ತು 50 ಮಿ.ಮೀ. ಎಫ್ 1.8 ಲೆನ್ಸ್ ಇವೆ. ಕ್ಯಾಮೆರಾಕ್ಕೆ ತೇವ ತಡೆಯುವ ವ್ಯವಸ್ಥೆ ಇದೆಯೆಂದು ತಯಾರಕರು ಬರೆದಿದ್ದಾರೆ, ಲೆನ್ಸ್‌ಗಳ ಬಗ್ಗೆ ಏನೂ ಬರೆದಿಲ್ಲ. ಮಳೆಯಲ್ಲಿ ಕೆಲಸ ಮಾಡಿದ ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಬಳಪದಕಲ್ಲು

ಖಂಡಿತವಾಗಿ ಹೋಗಿ. ಓರೆಬಿಸಿಲಿನ ಮಾತು ಸುಳ್ಳಲ್ಲ, ಆದರೆ ಅದು ಒಣಗಿದ ಕಲ್ಲಿಗೆ ಹೇಳಿದ ಮಾತು. ಮಳೆಯಲ್ಲಿ ಸ್ಮಾರಕ ಹೇಗೆ ಕಾಣುತ್ತದೆ ಎಂಬುದನ್ನು ಮೋಡಕ್ಕಿಂತ ಹೆಚ್ಚಾಗಿ ಅದನ್ನು ಕಟ್ಟಿದ ಕಲ್ಲು ತೀರ್ಮಾನಿಸುತ್ತದೆ, ಮತ್ತು ಈ ವಿಷಯದಲ್ಲಿ ಹೊಯ್ಸಳರ ಕಲ್ಲಿನಷ್ಟು ಮಳೆಗೆ ಒಗ್ಗುವ ಕಲ್ಲು ನಮ್ಮ ನಾಡಿನಲ್ಲಿ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಳೇಬೀಡಿನ ದೇವಾಲಯ, 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ, ಹದಿಮೂರನೆಯ ಶತಮಾನದ ಸೋಮನಾಥಪುರ, ಈ ಮೂರೂ ಬಳಪದ ಕಲ್ಲಿನವು. ಇದು ನುಣುಪಾದ, ಒತ್ತಾದ ಕಲ್ಲು. ನೀರನ್ನು ಒಳಕ್ಕೆ ಹೀರುವುದು ಬಹಳ ಕಡಿಮೆಯಾದ್ದರಿಂದ ಮಳೆನೀರು ಮೇಲ್ಮೈಯಲ್ಲಿ ತೆಳುವಾದ ಪೊರೆಯಾಗಿ ನಿಲ್ಲುತ್ತದೆ. ಒಣಗಿದ್ದಾಗ ಮಾಸಿದ ಬೂದುಬಣ್ಣಕ್ಕೆ ಕಾಣುವ ಅದೇ ಶಿಲ್ಪ ಆಗ ಕಪ್ಪು ಬೆರೆತ ಹಸಿರಿಗೆ ತಿರುಗುತ್ತದೆ. ಕಲ್ಲಿನಿಂದ ಚದುರಿ ಹೊರಬರಬೇಕಾದ ಬೆಳಕಿನ ಒಂದು ಭಾಗವನ್ನು ನೀರಿನ ಪೊರೆ ಮತ್ತೆ ಕಲ್ಲಿನೊಳಕ್ಕೇ ಮರಳಿಸುವುದರಿಂದ ಈ ಗಾಢತೆ ಬರುತ್ತದೆ. ಇದೇ ವೇಳೆ ಪೊರೆಯ ಹೊರಮೈ ಆಕಾಶವನ್ನು ಪ್ರತಿಫಲಿಸುತ್ತದೆ. ಹಾಗಾಗಿ ಕಿರೀಟದ ಅಂಚು, ಹಾರದ ಒಂದೊಂದು ಮಣಿ, ಮೂಗಿನ ತುದಿ, ಕಾಲಂದುಗೆಯ ಸುತ್ತು, ಹೀಗೆ ಉಬ್ಬಿದ ಕಡೆಯಲ್ಲೆಲ್ಲ ಒಂದು ಬಿಳಿಗೆರೆ ಹೊಳೆಯುತ್ತದೆ. ಬಿಸಿಲಿನಲ್ಲಿ ನೆರಳು ತೋರಿಸುವ ಆಕಾರವನ್ನು ಇಲ್ಲಿ ಈ ಹೊಳಪು ತೋರಿಸುತ್ತದೆ. ಚಪ್ಪಟೆಯಾಗುವ ಭಯ ಬೇಡವೆಂದದ್ದು ಇದಕ್ಕಾಗಿಯೇ.

ಆದರೆ ನೆರಳು ನೀವು ಎಲ್ಲಿ ನಿಂತರೂ ಇದ್ದಲ್ಲೇ ಇರುತ್ತದೆ, ಹೊಳಪು ಹಾಗಲ್ಲ, ಅದು ನಿಮ್ಮ ಜೊತೆ ಚಲಿಸುತ್ತದೆ. ಎರಡು ಹೆಜ್ಜೆ ಎಡಕ್ಕೆ ಸರಿದರೆ ಕೆನ್ನೆಯ ಮೇಲಿದ್ದ ಗೆರೆ ಭುಜಕ್ಕೆ ಇಳಿದಿರುತ್ತದೆ. ಆದ್ದರಿಂದ ಶಿಲ್ಪದ ಎದುರಿಗೆ ನೇರವಾಗಿ ನಿಂತು ಒಂದು ಚಿತ್ರ ತೆಗೆದು ಮುಂದೆ ಹೋಗಬೇಡಿ, ಕಣ್ಣು ಶಿಲ್ಪದ ಮೇಲೆ ಇಟ್ಟುಕೊಂಡು ನಿಧಾನವಾಗಿ ಅಡ್ಡಕ್ಕೆ ಸರಿಯಿರಿ. ಹಳೇಬೀಡಿನ ಗೋಡೆ ನಕ್ಷತ್ರಾಕಾರದ ತಳವಿನ್ಯಾಸದಲ್ಲಿ ಒಳಗೆ ಹೊರಗೆ ಮಡಿಚಿಕೊಂಡು ಸಾಗುವುದರಿಂದ ಅಕ್ಕಪಕ್ಕದ ಎರಡು ಮುಖಗಳು ಬೇರೆ ಬೇರೆ ದಿಕ್ಕಿಗೆ ತಿರುಗಿರುತ್ತವೆ. ಒಂದು ಹೊಳೆಯುವಾಗ ಇನ್ನೊಂದು ಕಪ್ಪಗಿರುತ್ತದೆ, ಮತ್ತು ಆ ಮೂಲೆಯೇ ಚೌಕಟ್ಟಿಗೆ ಒಳ್ಳೆಯ ವಸ್ತು.

ಮೋಡದ ದಿನದಲ್ಲಿ ಇನ್ನೊಂದು ಲಾಭವಿದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ದೇವಾಲಯ ಪೂರ್ವಾಭಿಮುಖವಾಗಿದೆ. ದೊಡ್ಡ ಶಿಲ್ಪಗಳು ಸಾಲುಗಟ್ಟಿ ನಿಂತಿರುವ ಹಿಂಭಾಗದ ಪಶ್ಚಿಮ ಗೋಡೆಗೆ ಬಿಸಿಲು ಬೀಳಲು ಮಧ್ಯಾಹ್ನವಾಗಬೇಕು, ಆಗಲೂ ಸೂರ್ಯ ಮೇಲಿರುವಷ್ಟು ಹೊತ್ತು ಸೂರಿನ ನೆರಳು ದೇವತೆಗಳ ಮುಖದ ಮೇಲೆ ಪಟ್ಟಿಯಂತೆ ಅಡ್ಡಬಿದ್ದಿರುತ್ತದೆ. ಮೋಡದ ದಿನ ಈ ತೊಂದರೆ ಇಲ್ಲ. ಬೆಳಿಗ್ಗೆ ಒಳಗೆ ಹೋದವರು ಸಂಜೆಯವರೆಗೂ ಯಾವ ಗೋಡೆಯನ್ನು ಬೇಕಾದರೂ ಯಾವ ಹೊತ್ತಿನಲ್ಲಿ ಬೇಕಾದರೂ ತೆಗೆಯಬಹುದು.

ಕ್ಯಾಮೆರಾದ ಹೊಂದಾಣಿಕೆಗೆ ಬಂದರೆ, ಕಪ್ಪಾದ ಒದ್ದೆ ಕಲ್ಲು ಚೌಕಟ್ಟನ್ನು ತುಂಬಿದಾಗ ಕ್ಯಾಮೆರಾ ಅದನ್ನು ಬೆಳಕಿನ ಕೊರತೆಯೆಂದು ತಿಳಿದು ಚಿತ್ರವನ್ನು ಬೆಳ್ಳಗೆ ಮಾಡುತ್ತದೆ, ಹೊಳಪಿನ ಗೆರೆಗಳು ಸುಟ್ಟುಹೋಗುತ್ತವೆ. ಎಕ್ಸ್‌ಪೋಶರನ್ನು ಮುಕ್ಕಾಲು ಸ್ಟಾಪಿನಿಂದ ಒಂದು ಸ್ಟಾಪಿನಷ್ಟು ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ), ಹಿಸ್ಟೋಗ್ರಾಮಿನ (ಚಿತ್ರದಲ್ಲಿ ಕಪ್ಪು, ಬಿಳುಪು ಎಷ್ಟೆಷ್ಟಿದೆ ಎಂದು ತೋರಿಸುವ ನಕ್ಷೆಯ) ಬಲ ಅಂಚನ್ನು ಗಮನಿಸುತ್ತಿರಿ. ಆಕಾಶ ಚೌಕಟ್ಟಿನೊಳಗೆ ಬಂದ ಕೂಡಲೇ ಇದು ತಲೆಕೆಳಗಾಗುತ್ತದೆ, ಬಿಳಿ ಆಕಾಶವನ್ನು ನೋಡಿ ಕ್ಯಾಮೆರಾ ಕಟ್ಟಡವನ್ನೇ ಕಪ್ಪು ಆಕೃತಿಯಾಗಿಸುತ್ತದೆ. ಆದಷ್ಟು ಆಕಾಶವನ್ನು ಹೊರಗಿಡುವುದೇ ಒಳ್ಳೆಯದು, ಹಳೇಬೀಡಿನಲ್ಲಿ ಶಿಖರಗಳು ಉಳಿದಿಲ್ಲವಾದ್ದರಿಂದ ಅದರಿಂದ ನಷ್ಟವೂ ಹೆಚ್ಚಿಲ್ಲ. ಬಣ್ಣದ ಹೊಂದಾಣಿಕೆಯನ್ನು ಕ್ಯಾಮೆರಾಕ್ಕೆ ಬಿಡದೆ 6500 ಕೆಲ್ವಿನ್ ಸುಮಾರಿಗೆ ನಿಲ್ಲಿಸಿ. ಇಲ್ಲವಾದರೆ ಒಂದೇ ಗೋಡೆಯ ಚಿತ್ರಗಳು ಒಂದು ನೀಲಿ, ಒಂದು ಹಳದಿ ಎಂಬಂತೆ ಬರುತ್ತವೆ. ರಾ ಕಡತದಲ್ಲಿ (ಕ್ಯಾಮೆರಾ ತಿದ್ದದ ಮೂಲ ಮಾಹಿತಿಯ ಕಡತದಲ್ಲಿ) ತೆಗೆಯಿರಿ.

ಪೋಲರೈಸರ್ (ಲೆನ್ಸಿನ ಮುಂದೆ ಹಾಕಿ ತಿರುಗಿಸುವ, ಪ್ರತಿಫಲನ ತಗ್ಗಿಸುವ ಫಿಲ್ಟರ್) ಇದ್ದರೆ ಒಯ್ಯಿರಿ, ಆದರೆ ಪೂರ್ತಿ ತಿರುಗಿಸಬೇಡಿ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ಅದು ಪ್ರತಿಫಲನವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಅಳಿಸುತ್ತದೆ. ಜಗತಿಯ (ದೇವಾಲಯ ನಿಂತಿರುವ ಕಟ್ಟೆಯ) ಮೇಲೆ ನಿಂತ ನೀರಿನ ಬಿಳಿಚು ತೆಗೆಯಲು ಅದು ಉಪಯುಕ್ತ. ಗೋಡೆಯ ಮೇಲೆ ಅದನ್ನೇ ಮಾಡಿದರೆ ನಾವು ಹುಡುಕಿಕೊಂಡು ಹೋದ ಹೊಳಪೇ ಮಾಯವಾಗಿ ಬರೀ ಕಪ್ಪು ಉಳಿಯುತ್ತದೆ. ಜೊತೆಗೆ ಅದು ಒಂದೂವರೆಯಿಂದ ಎರಡು ಸ್ಟಾಪಿನಷ್ಟು ಬೆಳಕನ್ನು ನುಂಗುತ್ತದೆ.

ಇನ್ನು ಮಳೆ ಬೀಳುತ್ತಿರುವುದೇ ಚಿತ್ರದಲ್ಲಿ ಕಾಣಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಸೋನೆಮಳೆಯ ಹನಿ ಅರ್ಧ ಮಿಲಿಮೀಟರಿಗಿಂತ ಸಣ್ಣದು, ನಿಧಾನವಾಗಿ ಇಳಿಯುತ್ತದೆ, ಚಿತ್ರದಲ್ಲಿ ಗೆರೆಯಾಗಿ ಮೂಡದೆ ಮಂಜಿನಂತೆ ಕಾಣುತ್ತದೆ. ಎರಡು ಮಿಲಿಮೀಟರಿನ ದಪ್ಪ ಹನಿ ಸೆಕೆಂಡಿಗೆ ಸುಮಾರು ಆರೂವರೆ ಮೀಟರ್ ವೇಗದಲ್ಲಿ ಬೀಳುತ್ತದೆ. 1/60 ಸೆಕೆಂಡಿನ ಶಟರ್ ವೇಗದಲ್ಲಿ ಅದು ಹತ್ತು ಸೆಂಟಿಮೀಟರಿಗೆ ತುಸು ಮೇಲ್ಪಟ್ಟ ಗೆರೆಯಾಗುತ್ತದೆ, 1/500ರಲ್ಲಿ ಸುಮಾರು 1.3 ಸೆಂಟಿಮೀಟರಿನ ಗಿಡ್ಡ ಗೆರೆಯಾಗಿ ಉಳಿಯುತ್ತದೆ. ಆಕಾಶದ ಹನಿಯ ಬದಲು ಸೂರಿನ ಅಂಚಿನಿಂದ ತೊಟ್ಟಿಕ್ಕುವ ಹನಿಗಳನ್ನು ನೋಡಿ. ಅವು ದಪ್ಪಗಿರುತ್ತವೆ, ಒಂದೇ ಸಾಲಿನಲ್ಲಿ ಬೀಳುತ್ತವೆ, ಹಿಂದೆ ಕತ್ತಲೆಯ ಬಾಗಿಲು ಇರುವಂತೆ ನಿಂತರೆ ಒಂದೊಂದೂ ಎದ್ದು ಕಾಣುತ್ತದೆ. ಫ್ಲ್ಯಾಶ್ ಮಾತ್ರ ಬೇಡ, ಹತ್ತಿರದ ಹನಿಗಳೆಲ್ಲ ಬಿಳಿ ಉಂಡೆಗಳಾಗಿ ಶಿಲ್ಪವನ್ನು ಮುಚ್ಚುತ್ತವೆ.

ಉತ್ತರ: ಶಾಸನಾಸಕ್ತ

ಮೇಲಿನ ಉತ್ತರ ಸೊಗಸಾಗಿದೆ, ಆದರೆ ಅದು ಚೆಂದದ ಚಿತ್ರ ಬಯಸುವವರಿಗೆ ಬರೆದ ಉತ್ತರ. ಪ್ರಶ್ನೆ ಕೇಳಿದವರು ಶಿಲ್ಪಗಳನ್ನು ದಾಖಲಿಸಲು ಹೊರಟಿದ್ದರೆ ನಾನು ಅಷ್ಟು ಸುಲಭವಾಗಿ ಒಪ್ಪಲಾರೆ.

ಗೋಡೆ ಪೂರ್ತಿ ನೆನೆಯುವುದು ಅಪರೂಪ, ಪೂರ್ತಿ ಒಣಗಿರುವುದೂ ಮಳೆಗಾಲದಲ್ಲಿ ಅಪರೂಪ. ಸೂರಿನ ಕೆಳಗಿನ ಶಿಲ್ಪಗಳ ತಲೆ, ಎದೆ ಒಣಗಿದ್ದು ಸೊಂಟದಿಂದ ಕೆಳಗೆ ನೆನೆದಿರುತ್ತದೆ. ಗೋಡೆಯ ಬುಡದಲ್ಲಿ ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ ಎಂದು ಒಂದರ ಮೇಲೊಂದು ಸಾಗುವ ಪಟ್ಟಿಕೆಗಳಲ್ಲಿ ಆನೆಯ ಸಾಲಿಗೆ ಜಗತಿಯಿಂದ ನೀರು ಸಿಡಿಯುವುದರಿಂದ ಅದು ಕಪ್ಪಗಿರುತ್ತದೆ, ಕುದುರೆಯ ಸಾಲು ಬೂದಾಗಿಯೇ ಇರುತ್ತದೆ. ನಡುವೆ ತೇವದ ಅಂಚು ಅಡ್ಡಾದಿಡ್ಡಿಯಾಗಿ ಹಾದುಹೋಗುತ್ತದೆ. ಚಿತ್ರದಲ್ಲಿ ಈ ಅಂಚು ಶಿಲ್ಪಿ ಕೆತ್ತಿದ ರೇಖೆಗಿಂತ ಬಲವಾಗಿ ಕಾಣುತ್ತದೆ, ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ಕಲ್ಲುಹೂವು ಹಿಡಿದ ಜಾಗಗಳೂ ನೀರು ತಾಗಿದೊಡನೆ ಹಸಿರಾಗಿ ಎದ್ದು ಕಾಣುತ್ತವೆ. ಮುಂದೆ ಯಾರಾದರೂ ಈ ಚಿತ್ರವನ್ನು ನೋಡಿ ಕಲ್ಲಿನ ಸವೆತವನ್ನೋ ಬಿರುಕನ್ನೋ ಗುರುತಿಸಬೇಕಾದರೆ ತೇವದ ಕಲೆ ಯಾವುದು, ಬಿರುಕು ಯಾವುದು ಎಂದು ತಿಳಿಯದೆ ಹೋಗುತ್ತದೆ.

ಶಾಸನಗಳ ವಿಷಯದಲ್ಲಂತೂ ಮಳೆ ಏನೇನೂ ಪ್ರಯೋಜನವಿಲ್ಲ. ಅಕ್ಷರದ ಆಳ ಕೆಲವೇ ಮಿಲಿಮೀಟರು. ಅದು ಓದಲು ಬರಬೇಕಾದರೆ ಬೆಳಕು ಪಕ್ಕದಿಂದ ತೀರ ಓರೆಯಾಗಿ ಬೀಳಲೇಬೇಕು, ಇದಕ್ಕೆ ಹೊಳಪು ಬದಲಿಯಾಗದು, ಏಕೆಂದರೆ ಅಕ್ಷರದ ತೋಡಿನಲ್ಲಿ ನೀರು ನಿಂತು ತೋಡೂ ಮೇಲ್ಮೈಯೂ ಒಂದೇ ಸಮನಾಗಿ ಹೊಳೆಯುತ್ತವೆ. ಈ ನೆಪದಲ್ಲಿ ಒಂದು ಮಾತು ಸೇರಿಸುತ್ತೇನೆ: ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕುವುದನ್ನೂ ಎಣ್ಣೆ ಬಳಿಯುವುದನ್ನೂ ಈಗಲೂ ಕೆಲವರು ಮಾಡುತ್ತಾರೆ. ದಯವಿಟ್ಟು ಯಾವ ಕಾಲದಲ್ಲಿಯೂ ಅದನ್ನು ಮಾಡಬೇಡಿ.

ಕಲ್ಲೇ ತೀರ್ಮಾನಿಸುತ್ತದೆ ಎಂಬ ಮಾತನ್ನು ಮಾತ್ರ ಒಪ್ಪುತ್ತೇನೆ, ಅದಕ್ಕೆ ಇನ್ನೊಂದು ಉದಾಹರಣೆಯನ್ನೂ ಕೊಡುತ್ತೇನೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಮರಳುಗಲ್ಲು ನೀರನ್ನು ಕುಡಿಯುತ್ತದೆ. ಮಳೆ ನಿಂತ ಮೇಲೂ ಬಹಳ ಹೊತ್ತು ಕಲೆಕಲೆಯಾಗಿ ಉಳಿಯುತ್ತದೆ, ಹೊಳಪು ಕೊಡುವುದಿಲ್ಲ. ಪ್ರತಿಯಾಗಿ ಅದರ ಕೆಂಪು ಗಾಢವಾಗುತ್ತದೆ, ಆದ್ದರಿಂದ ಅಲ್ಲಿ ಬಂಡೆ, ಕೆರೆ, ದೇವಾಲಯ ಮೂರನ್ನೂ ಹಿಡಿಯುವ ದೂರದ ನೋಟಗಳು ಗೆಲ್ಲುತ್ತವೆ. ಬಿಡಿ ಶಿಲ್ಪ ಬೇಕೆಂದರೆ ಗುಹೆಯೊಳಕ್ಕೆ ಹೋಗಬೇಕು. ಚಾಲುಕ್ಯ ಮಂಗಲೇಶನ 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯ ಮೊಗಸಾಲೆಯಲ್ಲಿ ಹೊರಗೆ ಎಷ್ಟೇ ಮಳೆಯಿದ್ದರೂ ಕಲ್ಲು ಒಣಗಿರುತ್ತದೆ, ಹೊರಗಿನಿಂದ ಒಂದೇ ಕಡೆಯಿಂದ ಬರುವ ಮೃದುವಾದ ಬೆಳಕು ದೊಡ್ಡ ಶಿಲ್ಪಗಳ ಮೈದುಂಬಿಕೆಯನ್ನು ಚೆನ್ನಾಗಿ ತೋರಿಸುತ್ತದೆ.

ಹಳೇಬೀಡಿಗೆ ಹೋಗುವುದೇ ಆದರೆ ಮಳೆ ಬಿಡುವು ಕೊಟ್ಟಾಗ ಸೂರಿನ ಅಡಿಯ ಒಣ ಭಾಗಗಳನ್ನು ಮೊದಲು ಮುಗಿಸಿಕೊಳ್ಳಿ. ಪ್ರತಿ ಚಿತ್ರದ ಜೊತೆ ಗೋಡೆಯ ದಿಕ್ಕು ಮತ್ತು ತೇವದ ಸ್ಥಿತಿಯನ್ನು ಬರೆದಿಡಿ.

ಉತ್ತರ: ಬಳಪದಕಲ್ಲು

ತೇವದ ಅಂಚಿನ ಬಗ್ಗೆ ನೀವು ಹೇಳಿದ್ದು ಸರಿ, ಅದಕ್ಕೆ ಉತ್ತರವಿಲ್ಲ. ಅಂಚು ಹಾದುಹೋಗುವ ಜಾಗವನ್ನು ಚೌಕಟ್ಟಿನಿಂದ ಹೊರಗಿಟ್ಟು, ಪೂರ್ತಿ ನೆನೆದ ಅಥವಾ ಪೂರ್ತಿ ಒಣಗಿದ ಒಂದು ತುಂಡನ್ನಷ್ಟೇ ಹತ್ತಿರದಿಂದ ತೆಗೆಯುವುದು ನಾನು ಹಿಡಿದಿರುವ ದಾರಿ. ಇಡೀ ಗೋಡೆಯ ಅಗಲ ನೋಟಕ್ಕೆ ಮಳೆಗಾಲ ಒಗ್ಗುವುದಿಲ್ಲ. ಬಳಪದ ಕಲ್ಲು ಬೇಗ ಒಣಗುವುದರಿಂದ ಸ್ವಲ್ಪ ಕಾದರೆ ಅಂಚು ಸರಿದುಹೋಗುತ್ತದೆ ಎಂಬುದೊಂದು ಸಮಾಧಾನ.

ಮಳೆ ಜೋರಾದರೆ ಬಸ್ತಿಹಳ್ಳಿಯ ಬಸದಿಗಳಿಗೆ ಹೋಗಿ, ಹತ್ತಿರದಲ್ಲಿಯೇ ಇವೆ. ಪಾರ್ಶ್ವನಾಥ ಬಸದಿಯ ತಿರುಗಣೆ (ತಿರುಗಿಸಿ ಕಡೆದ) ಕಂಬಗಳಿಗೆ ಕನ್ನಡಿಯಂಥ ನಯವಿದೆ. ಬಾಗಿಲಿನಿಂದ ಬರುವ ಬೆಳಕು ಕಂಬದ ಒಂದೊಂದು ಬಳೆಯ ಮೇಲೆ ಒಂದೊಂದು ಲಂಬವಾದ ತುಣುಕಾಗಿ ನಿಲ್ಲುತ್ತದೆ. ಒಳಗೆ ಕತ್ತಲೆ, ಹೆಚ್ಚು ಬೆಳಕು ಒಳಬಿಡುವ ನಿಮ್ಮ ಎಫ್ 1.8 ಲೆನ್ಸಿಗೆ ತಕ್ಕ ಜಾಗ ಅದೇ. ಐಎಸ್‌ಒವನ್ನು (ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು) 3200ರವರೆಗೆ ಏರಿಸಲು ಹಿಂಜರಿಯಬೇಡಿ.

ಉತ್ತರ: ಛತ್ರಿ

ಬೆಳಕಿನ ಬಗ್ಗೆ ಇಬ್ಬರೂ ಬರೆದಾಗಿದೆ, ನಾನು ಸಾಮಾನಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಕ್ಯಾಮೆರಾದ ಮೈಗೆ ರಕ್ಷಣೆ ಇದ್ದು ಲೆನ್ಸಿಗೆ ಇಲ್ಲದಿದ್ದರೆ ರಕ್ಷಣೆ ಇಲ್ಲವೆಂದೇ ತಿಳಿಯಬೇಕು, ಏಕೆಂದರೆ ನೀರು ಒಳಸೇರುವುದು ಹೆಚ್ಚಾಗಿ ಎರಡೂ ಕೂಡುವ ಬಳೆಯ ಸಂದಿನಿಂದ ಮತ್ತು ಜೂಮ್ ಕೊಳವೆ ಹೊರಗೆ ಚಾಚಿ ಒಳಗೆ ಸರಿಯುವ ಜಾಗದಿಂದ. ಚಾಚಿದ ಕೊಳವೆಯ ಮೇಲೆ ಹನಿಗಳಿದ್ದಾಗ ಒರೆಸದೆ ಒಳಕ್ಕೆ ಎಳೆದರೆ ಆ ನೀರನ್ನು ನಾವೇ ಲೆನ್ಸಿನೊಳಕ್ಕೆ ಪಂಪ್ ಮಾಡಿದಂತೆ. ಆದ್ದರಿಂದ ಮಳೆಯಲ್ಲಿ 50 ಮಿ.ಮೀ. ಹಾಕಿ, ಜೂಮನ್ನು ಒಳಗೆ ನಿಂತಾಗ ಬಳಸಿ. ಲೆನ್ಸ್ ಬದಲಾಯಿಸುವುದೂ ಮಂಟಪದೊಳಗೇ ಆಗಬೇಕು.

ಕ್ಯಾಮೆರಾದ ಮಳೆಯಂಗಿ ಸಿಗುತ್ತದೆ. ಇಲ್ಲದಿದ್ದರೆ ದಪ್ಪನೆಯ ಪ್ಲಾಸ್ಟಿಕ್ ಚೀಲದ ತಳದಲ್ಲಿ ಲೆನ್ಸಿನಷ್ಟು ತೂತು ಮಾಡಿ, ಲೆನ್ಸ್ ಹುಡ್‌ನ ಸುತ್ತ ರಬ್ಬರ್ ಬ್ಯಾಂಡಿನಿಂದ ಬಿಗಿದರೆ ಕೆಲಸ ನಡೆಯುತ್ತದೆ. ಹುಡ್ ಯಾವಾಗಲೂ ಇರಲಿ, ಮುಂದಿನ ಗಾಜಿಗೆ ಹನಿ ಬೀಳದಂತೆ ತಡೆಯುವುದು ಅದೊಂದೇ. ಆದರೆ ಲೆನ್ಸಿನ ಕಂಡಿ ಚಿಕ್ಕದಾಗುವ ಎಫ್ 8, ಎಫ್ 11ರಲ್ಲಿ ಗಾಜಿನ ಮೇಲಿನ ಒಂದೇ ಹನಿ ಚಿತ್ರದ ನಡುವೆ ಮಸುಕು ಕಲೆಯಾಗುತ್ತದೆ, ಪರದೆಯ ಮೇಲೆ ಅಲ್ಲಿ ಗೊತ್ತಾಗುವುದಿಲ್ಲ, ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ. ಪ್ರತಿ ಹೊಸ ಶಿಲ್ಪಕ್ಕೆ ಮುಂಚೆ ಗಾಜನ್ನು ನೋಡಿ. ಒರೆಸುವ ಬಟ್ಟೆಗಳು ಒಂದಕ್ಕಿಂತ ಹೆಚ್ಚಿರಲಿ, ಒದ್ದೆಯಾದ ಬಟ್ಟೆ ಹನಿಯನ್ನು ಹರಡುತ್ತದೆಯೇ ಹೊರತು ತೆಗೆಯುವುದಿಲ್ಲ.

ಹನಿಗಿಂತ ದೊಡ್ಡ ಕಾಟ ಆವಿಯದು. ಕಾರಿನಲ್ಲಿ ಏಸಿ ಹಾಕಿಕೊಂಡು ಬಂದು ತಣ್ಣಗಾದ ಲೆನ್ಸನ್ನು ತೇವದ ಗಾಳಿಗೆ ತೆರೆದರೆ ಗಾಜು ಮಂಜಾಗುತ್ತದೆ, ಒಳಗಿನ ಗಾಜೂ ಮಂಜಾದರೆ ಒರೆಸಲು ದಾರಿಯೇ ಇಲ್ಲ. ತಲುಪುವುದಕ್ಕೆ ಸ್ವಲ್ಪ ಮೊದಲೇ ಏಸಿ ಆರಿಸಿ, ಅಥವಾ ಹೊರಗಿನ ಬಿಸಿಗೆ ಬರುವವರೆಗೆ ಕ್ಯಾಮೆರಾವನ್ನು ಮುಚ್ಚಿದ ಚೀಲದಲ್ಲಿಯೇ ಇಡಿ. ಊರಿಗೆ ಮರಳಿದ ಮೇಲೆ ತೇವವಿರುವ ಚೀಲದಲ್ಲಿ ಎಲ್ಲವನ್ನೂ ತುರುಕಿ ಬೀರುವಿನಲ್ಲಿಟ್ಟರೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು ಒಳಗಿನ ಆರ್ದ್ರತೆ ಶೇ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ.

ಫೋನನ್ನೂ ಕಡೆಗಣಿಸಬೇಡಿ. ಐಪಿ 67 ಎಂದಿದ್ದರೆ ಸಿಹಿನೀರಿನಲ್ಲಿ ಒಂದು ಮೀಟರ್ ಆಳಕ್ಕೆ ಅರ್ಧ ಗಂಟೆ ತಡೆಯುವಂತೆ ಪರೀಕ್ಷಿಸಿದ ಫೋನು ಅದು, ಸೋನೆಮಳೆ ಅದಕ್ಕೆ ಲೆಕ್ಕವಲ್ಲ. ಒದ್ದೆ ಪರದೆ ಬೆರಳನ್ನು ಸರಿಯಾಗಿ ಗುರುತಿಸದಿದ್ದಾಗ ಧ್ವನಿಯ ಗುಂಡಿಯಿಂದ ಚಿತ್ರ ತೆಗೆಯಬಹುದು. ಪೂರ್ತಿ ಆರುವವರೆಗೆ ಚಾರ್ಜಿಗೆ ಹಾಕಬೇಡಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ಓರೆಬಿಸಿಲು

ಮೂವರಿಗೂ ಕೃತಜ್ಞತೆಗಳು. ಶಾಸನಾಸಕ್ತರು ಕೇಳಿದ್ದಕ್ಕೆ ಉತ್ತರವೆಂದರೆ, ನನ್ನದು ದಾಖಲಾತಿಯಲ್ಲ, ಪಟ್ಟಿಕೆಗಳ ಹತ್ತಿರದ ಚಿತ್ರಗಳು ನನಗೆ ಬೇಕು. ಹಾಗಾಗಿ ಹೋಗುವುದೆಂದು ನಿರ್ಧರಿಸಿದೆ. ಬಸದಿಯ ಕತ್ತಲೆಗೆ ಟ್ರೈಪಾಡ್ ಒಯ್ಯಬಹುದೇ? ಹಾಗೆಯೇ ಹಂಪಿಗೂ ಇದೇ ಮಾತುಗಳು ಹೊಂದುತ್ತವೆಯೇ?

ಉತ್ತರ: ಛತ್ರಿ

ಇವು ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು. ಕೈಯಲ್ಲಿ ಹಿಡಿದು ಚಿತ್ರ ತೆಗೆಯಲು ಅಡ್ಡಿಯಿಲ್ಲ, ಟ್ರೈಪಾಡ್, ಕೃತಕ ದೀಪ, ಡ್ರೋನ್‌ಗಳಿಗೆ ಮುಂಚಿತವಾಗಿ ಅನುಮತಿ ಬೇಕು. ಅನುಮತಿ ಇಲ್ಲದೆ ಒಯ್ದು ಕಾವಲುಗಾರರ ಜೊತೆ ವಾದಕ್ಕಿಳಿಯುವುದು ಅವರಿಗೂ ಕಷ್ಟ, ನಿಮಗೂ ಕಷ್ಟ. ಕ್ಯಾಮೆರಾವನ್ನು ನೆಲದ ಮೇಲೆ ಮಡಿಸಿದ ಬಟ್ಟೆಯ ಮೇಲಿಟ್ಟು ಎರಡು ಸೆಕೆಂಡಿನ ಟೈಮರ್ ಹಾಕಿದರೆ ಅಲುಗದ ಚಿತ್ರ ಬರುತ್ತದೆ, ಕೆಳಗಿನಿಂದ ಕಂಬದ ಪೂರ್ತಿ ಎತ್ತರವೂ ಸಿಗುತ್ತದೆ. ಕೈ ನಿಲ್ಲಲೆಂದು ಕೆತ್ತನೆಗೆ ಒರಗುವುದು ಬೇಡ.

ಹಳೇಬೀಡಿನಲ್ಲಿ ಚಪ್ಪಲಿ ಹೊರಗೆ ಬಿಡಬೇಕು. ಒದ್ದೆಯಾದ ಜಗತಿಯ ಮೆಟ್ಟಿಲು ಬಹಳ ಜಾರುತ್ತದೆ, ಕಾಲುಚೀಲ ಹಾಕಿಕೊಂಡರೆ ಇನ್ನೂ ಜಾರುತ್ತದೆ. ಕಣ್ಣು ಕ್ಯಾಮೆರಾದಲ್ಲಿಟ್ಟುಕೊಂಡು ಹಿಂದಕ್ಕೆ ಹೆಜ್ಜೆ ಇಡಬೇಡಿ, ಜಗತಿಯ ಅಂಚಿಗೆ ತಡೆಗೋಡೆಯಿಲ್ಲ.

ಹಂಪಿಯ ಲೆಕ್ಕವೇ ಬೇರೆ. ಅದು ಮಳೆ ಕಡಿಮೆ ಬೀಳುವ ಬಯಲುಸೀಮೆ, ಕಲ್ಲು ಗ್ರಾನೈಟ್, ಕಣ ದಪ್ಪ. ಒದ್ದೆಯಾದಾಗ ಬಳಪದ ಕಲ್ಲಿನ ಸೂಕ್ಷ್ಮ ಹೊಳಪು ಅದಕ್ಕೆ ಬರುವುದಿಲ್ಲ, ಬಂಡೆಗಳ ಮೇಲೆ ನೀರಿಳಿದ ಕಪ್ಪು ಪಟ್ಟೆಗಳು ಕಾಣುತ್ತವೆ. ಅಲ್ಲಿ ಮಳೆಗಿಂತ ಮಳೆಯ ಹಿಂದುಮುಂದಿನ ಆಕಾಶವೇ ಮುಖ್ಯ. ಆದ್ದರಿಂದ ಬಳಪದಕಲ್ಲು ಅವರು ಹೇಳಿದ ಆಕಾಶ ಹೊರಗಿಡುವ ಉಪಾಯವನ್ನು ಹಂಪಿಯಲ್ಲಿ ಮರೆತುಬಿಡಿ. ಮಾತಂಗ ಬೆಟ್ಟದಿಂದ ನೋಟ ಚೆನ್ನಾಗಿದೆ, ಆದರೆ ಗುಡುಗು ಕೇಳಿಸಿದರೆ ಹತ್ತಬೇಡಿ, ಹತ್ತಿದ್ದರೆ ಕೂಡಲೇ ಇಳಿಯಿರಿ. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ನದಿದಡದ ಪುರಂದರ ಮಂಟಪ ಮುಳುಗುತ್ತದೆ, ಹರಿಗೋಲು ಓಡಾಟವೂ ನಿಲ್ಲುತ್ತದೆ. ಅಂಥ ಸಮಯದಲ್ಲಿ ದಡಕ್ಕೆ ಇಳಿಯದೆ ಮೇಲಿನ ಬಂಡೆಗಳಿಂದ ಉದ್ದನೆಯ ಲೆನ್ಸ್ ಹಾಕಿ ತೆಗೆಯುವುದು ಸರಿ, ಹೊರಡುವ ಮುಂಚೆ ನೀರು ಬಿಟ್ಟಿದ್ದಾರೆಯೇ ಎಂದು ಆ ದಿನದ ಪತ್ರಿಕೆಯಲ್ಲಿ ನೋಡಿಕೊಳ್ಳಿ.